ನಮ್ಮ ಬೀದಿಯ ಲಾರಿಗಳೂ ನಮ್ಮ ಮನೆಯ ನಿದ್ದೆಯೂ

ನಮ್ಮ ಬೀದಿಗೆ ಲಾರಿಗಳು ಬಂದ ದಿನ ಭೂಮಿ ಒಂದು ಕಡೆಗೆ ವಾಲಿತು ಎಂದರೆ ಯಾರೂ ನಂಬುವುದಿಲ್ಲ. ನಂಬಬೇಡಿ. ಆದರೆ ನನ್ನ ಬಣ್ಣದ ಡಬ್ಬಿಗಳು ಕಪಾಟಿನಲ್ಲಿ ತಾವಾಗಿಯೇ ಎಡಕ್ಕೆ ಜರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು ಹತ್ತು ಸಾವಿರ ಲಾರಿಗಳು. ನನ್ನ ಹೆಂಡತಿ ನಲವತ್ತು ಎನ್ನುತ್ತಾಳೆ. ಅವಳಿಗೆ ಎಣಿಸಲು ಬರುತ್ತದೆ, ನನಗೆ ಹೇಳಲು ಬರುತ್ತದೆ. ನಮ್ಮ ಸಂಸಾರ ನಡೆದಿರುವುದೇ ಹಾಗೆ.

ವಿಷಯ ಇಷ್ಟೇ. ಗಡಿ ದಾಟುವ ಲಾರಿ ಚಾಲಕರೆಲ್ಲ ಲಸಿಕೆ ಹಾಕಿಸಿಕೊಳ್ಳಲೇಬೇಕು ಎಂದು ಸರ್ಕಾರ ಕಾಯಿದೆ ಮಾಡಿತ್ತು. ಸೂಜಿ ನಿಮ್ಮದಿರಬಹುದು, ತೋಳು ನಮ್ಮದು ಎಂದು ಸಿಟ್ಟಾದ ಚಾಲಕರು ಸರ್ಕಾರಿ ಕಚೇರಿಗಳಿರುವ ನಮ್ಮ ಬೀದಿಗೇ ಬಂದು, ಚಳಿಗೆ ಲಾರಿಯೊಳಗೆ ಬೆಚ್ಚಗಿರಲೆಂದು ಹಗಲೂ ರಾತ್ರಿ ಎಂಜಿನ್ ಓಡಿಸಿಕೊಂಡೇ ಬಿಡಾರ ಹೂಡಿದರು. ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಎಲ್ಲ ಲಾರಿಗಳೂ ಒಟ್ಟಿಗೆ ಹಾರನ್ ಬಾರಿಸುತ್ತಿದ್ದವು. ಆ ಸದ್ದಿಗೆ ನಮ್ಮ ಕಟ್ಟಡದ ಪಾರಿವಾಳಗಳು ಕಿವುಡಾಗಿ, ಬೆಕ್ಕು ಪಕ್ಕದಲ್ಲಿ ಬಂದು ಕೂತರೂ ಕಾಳು ಹೆಕ್ಕುತ್ತಲೇ ಇದ್ದವು. ಬೆಕ್ಕೂ ಕಿವುಡಾಗಿದ್ದರಿಂದ ಅನಾಹುತ ತಪ್ಪಿತು.

ಬೀದಿ ಎರಡು ಹೋಳಾಯಿತು. ಬೇಕರಿಯವನು ಚಾಲಕರಿಗೆ ಬಿಸಿಬಿಸಿ ಬ್ರೆಡ್ಡು ಒಯ್ದು ಕೊಟ್ಟರೆ, ಅವನ ಹೆಂಡತಿ ಅದೇ ಬೇಕರಿಯ ಗಾಜಿನ ಮೇಲೆ 'ಮನೆಗೆ ಹೋಗಿ' ಎಂದು ಚೀಟಿ ಅಂಟಿಸಿದಳು. ಎದುರು ಮನೆಯ ಅಣ್ಣತಮ್ಮಂದಿರು ಬಾಲ್ಕನಿಯ ನಡುವೆ ಹಗ್ಗ ಕಟ್ಟಿ, ಅಣ್ಣ ಈಚೆ ನಿಂತು ಚಪ್ಪಾಳೆ ತಟ್ಟಿದ, ತಮ್ಮ ಆಚೆ ನಿಂತು ಉಗಿದ. ಔಷಧಿ ಅಂಗಡಿಯವನು ಬೆಳಿಗ್ಗೆ ಚಾಲಕರನ್ನು ಬೈದು, ಮಧ್ಯಾಹ್ನ ಅವರಿಗೇ ತಲೆನೋವಿನ ಮಾತ್ರೆ ಮಾರಿದ. ನಮ್ಮ ಮೇಲಿನ ಮನೆಯ ಸಂಗೀತದ ಮೇಡಂ ಅಂತೂ ಯುದ್ಧವನ್ನೇ ಸಾರಿದರು. ಹಾರನ್ ಬಿದ್ದಾಗಲೆಲ್ಲ ಕಿಟಕಿಗೆ ಬಂದು ಬಾಣಲೆಗೆ ಸೌಟಿನಿಂದ ಬಾರಿಸುವರು. ಸಿಟ್ಟಿನಲ್ಲೂ ತಾಳ ತಪ್ಪುತ್ತಿರಲಿಲ್ಲ.

ನಾನು? ನಾನು ಬೋರ್ಡು ಬರೆಯುವವನು. ನಾನೆಳೆದ ಗೆರೆ ನೋಡಿ ಸ್ಕೇಲು ನಾಚಿಕೊಳ್ಳುತ್ತದೆ. ಎರಡೂ ಪಕ್ಷದ ಫಲಕಗಳು ನನ್ನ ಕೈಯವೇ. 'ನಮ್ಮ ತೋಳು ನಮ್ಮದು' ಕೆಂಪಿನಲ್ಲಿ, 'ನಮ್ಮ ಬೀದಿ ನಮ್ಮದು' ನೀಲಿಯಲ್ಲಿ. ಎರಡೂ ನನ್ನ ಅಂಗಡಿಯ ಗೋಡೆಗೆ ಒರಗಿಕೊಂಡು ಅಕ್ಕತಂಗಿಯರ ಹಾಗೆ ಒಣಗುತ್ತಿದ್ದವು. ನನ್ನ ಹೆಂಡತಿ ನಿವೃತ್ತ ನರ್ಸು. ಊರಿನ ಅರ್ಧ ಜನಕ್ಕೆ ಲಸಿಕೆ ಚುಚ್ಚಿದವಳು. ಅವಳಿಗೆ ಜನರ ಮುಖಕ್ಕಿಂತ ಎಡತೋಳೇ ಹೆಚ್ಚು ಪರಿಚಯ. ಆ ಫಲಕಗಳನ್ನು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಗಾಳಿ ಬಂದ ಕಡೆ ತೂರ್ಕೊಳ್ಳೋ ಬುದ್ಧಿ ಯಾವಾಗ ಬಂತು ನಿಮಗೆ?"

"ನಾನೆಲ್ಲಿ ತೂರ್ಕೊಂಡೆ? ಎರಡೂ ಕಡೆಯಿಂದ ಗಾಳಿ ಬರ್ತಿದೆ, ನಾನು ಮಧ್ಯದಲ್ಲಿ ಸುಮ್ನೆ ನಿಂತಿದೀನಿ."

"ನಿಂತಿರಿ. ಊಟಾನೂ ಅಲ್ಲೇ ಬರುತ್ತೆ."

ಬರಲಿಲ್ಲ.

ಹೀಗಿರುವಾಗ ನನ್ನ ಮೊಮ್ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಅವಳು ಅವಸರದವಳು, ಹೊಟ್ಟೆಯಲ್ಲಿ ಇನ್ನೂ ಇರಬೇಕಾದವಳು ಮೊದಲೇ ಹೊರಟುಬಂದಿದ್ದಳು. ನನ್ನ ದೊಡ್ಡ ಕುಂಚಕ್ಕಿಂತ ಉದ್ದವಿರಲಿಲ್ಲ. ಈ ಒಂದು ಮಾತಿನಲ್ಲಿ ಬಡಾಯಿ ಇಲ್ಲ. ಕುಂಚವನ್ನು ಪಕ್ಕದಲ್ಲಿಟ್ಟು ನೋಡಿ ಮಗಳ ಕೈಲಿ ಬೈಸಿಕೊಂಡಿದ್ದೇನೆ. ಹುಟ್ಟಿದಾಗಿನಿಂದ ಅವಳನ್ನು ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗಿಟ್ಟಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ನಿದ್ದೆ ಮಾಡಿದ್ರೆ ಹಾಲು ಕುಡೀತಾಳೆ, ಹಾಲು ಕುಡಿದ್ರೆ ತೂಕ ಏರುತ್ತೆ. ಮುಂದಿನ ವಾರ ತೂಕ ಹಾಕ್ತೀನಿ. ಏರಿಲ್ಲ ಅಂದ್ರೆ ವಾಪಸ್ ಪೆಟ್ಟಿಗೆಗೇ."

ಅಳಿಯ ಹಡಗಿನ ಕೆಲಸದವನು, ನಡುಸಮುದ್ರದಲ್ಲಿದ್ದ. ಮಗಳು ಒಬ್ಬಳೇ ಆ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ. "ಇನ್ನೊಂದ್ಸಲ ಅವಳನ್ನ ಅಲ್ಲಿ ಬಿಟ್ಟು ಬರಿಗೈಲಿ ಬರೋಕೆ ನನ್ನಿಂದ ಆಗಲ್ಲ ಅಪ್ಪಾ" ಎಂದಳು. ಅವಳು ಸುಮ್ಮನೆ ಹಾಗೆಲ್ಲ ಅನ್ನುವವಳಲ್ಲ.

ಆದರೆ ಗಂಟೆಗೊಮ್ಮೆ ಹಾರನ್. ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತುವುದು, ಮುಖವೆಲ್ಲ ಬಾಯಾಗುವುದು. ಅದಕ್ಕೆ ಉತ್ತರವಾಗಿ ಮೇಡಂ ಬಾಣಲೆ. ಮಲಗಿಸುವಷ್ಟರಲ್ಲಿ ಮುಂದಿನ ಹಾರನ್ನಿಗೆ ಹೊತ್ತಾಗಿರುತ್ತಿತ್ತು. ನಾನು ಅಂಗಿಯ ತೋಳು ಮಡಚಿ, "ಈ ಲಾರಿಗಳನ್ನ ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಬರ್ತೀನಿ" ಎಂದು ಇಳಿದುಹೋದೆ.

ನಮ್ಮ ಕಿಟಕಿಯ ಕೆಳಗೆ ನಿಂತಿದ್ದ ಲಾರಿಯ ಚಾಲಕನಿಗೆ ನಾನೇ 'ಪರ್ವತ' ಎಂದು ಹೆಸರಿಟ್ಟಿದ್ದೆ. ಅವನು ಲಾರಿಯಿಂದ ಇಳಿದರೆ ಲಾರಿ ಒಂದು ಗೇಣು ಮೇಲೇಳುತ್ತಿತ್ತು. ನಾನು ಬಾಗಿಲು ಬಡಿದು ಎದೆ ಸೆಟೆಸಿದೆ.

"ಏನಯ್ಯಾ, ನಾನ್ಯಾರು ಗೊತ್ತಾ?"

"ಗೊತ್ತು ಯಜಮಾನ್ರೇ. ನಮ್ಮ ಬೋರ್ಡು ಬರ್ಕೊಟ್ಟೋರು. ಅವರ ಬೋರ್ಡೂ ಬರ್ಕೊಟ್ಟೋರು."

ನನ್ನ ಭಾಷಣದ ಗಾಳಿ ಅಲ್ಲಿಗೇ ಇಳಿಯಿತು. "ಮೇಲೆ ಕೂಸಿದೆ" ಎಂದಷ್ಟೇ ಹೇಳಿ ಎರಡು ಕೈ ಎದುರೆದುರು ಹಿಡಿದು ತೋರಿಸಿದೆ.

ಅವನು ನನ್ನ ಕೈಗಳ ನಡುವಿನ ಜಾಗವನ್ನೇ ನೋಡಿದ. "ಅಷ್ಟೇನಾ?"

"ಅಷ್ಟೇ."

ಲಾರಿಯವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲೆಂದು ತಲೆಯ ಮೇಲೆ ತೂಗುಹಾಕಿದ್ದ ರೇಡಿಯೋವನ್ನು ಅವನು ಎತ್ತಿಕೊಂಡ. "ಎಲ್ರೂ ಕೇಳ್ರಪ್ಪಾ. ಬೋರ್ಡಿನ ಯಜಮಾನ್ರ ಮನೇಲಿ ಹಸುಗೂಸಿದೆ. ಬೇಕರಿಯಿಂದ ಔಷಧಿ ಅಂಗಡಿ ತನಕ ಹಾರನ್ ಬಂದ್. ಎಂಜಿನ್ನೂ ಬಂದ್."

"ಚಳಿಗೆ ಸೆಟೆದು ಹೋಗ್ತೀವಲ್ಲಣ್ಣಾ!" ಎಂದಿತು ರೇಡಿಯೋ.

"ಎರಡು ಕಂಬಳಿ ಹೊದ್ಕೋ. ಆ ಕೂಸಿಗಿಂತ ದೊಡ್ಡೋನಲ್ವೇನೋ ನೀನು?"

ಅಷ್ಟೇ ನಡೆದದ್ದು. ನಾನು ಮೆಟ್ಟಿಲು ಹತ್ತಿ ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಮಾತ್ರ, ನನ್ನ ಬಾಯಲ್ಲಿ, ನಾನು ಅವನ ಕಾಲರ್ ಹಿಡಿದು ಎತ್ತಿದ್ದೆ, ಅವನು ಗೊಳೋ ಎಂದು ಅತ್ತಿದ್ದ. ಸಂಗೀತದ ಮೇಡಂ ಬಾಣಲೆ ಕೆಳಗಿಟ್ಟು ನನಗೆ ಕೈಮುಗಿದರು. ಬೇಕರಿಯವನ ಹೆಂಡತಿ ದೊಡ್ಡ ಕೇಕನ್ನೇ ಕಳಿಸಿದಳು. ಬೀದಿ ಬೀದಿಯೇ ನಿಶ್ಶಬ್ದ. ನೊಣ ರೆಕ್ಕೆ ಕೊಡವಿದರೂ ಕೇಳುವ ಹಾಗಿತ್ತು.

ಆ ನಿಶ್ಶಬ್ದದಲ್ಲಿ ಕೂಸು ಕಣ್ಣು ಬಿಟ್ಟಿತು. ಅತ್ತಿತು. ಮೊದಲು ಗಂಟೆಗೊಮ್ಮೆ ಅಳುತ್ತಿದ್ದವಳು ಈಗ ಬಿಡುವೇ ಕೊಡಲಿಲ್ಲ. ಹಾಲಿಗೆ ಬಾಯಿ ಹಚ್ಚಿ ಎರಡು ಗುಟುಕು ಎಳೆಯುವುದು, ಬಿಟ್ಟು ಚೀರುವುದು. ತೊಟ್ಟಿಲು ತೂಗಿದ್ದಾಯಿತು, ಹೆಗಲ ಮೇಲೆ ಹಾಕಿದ್ದಾಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗಳೂ ಅಳುತ್ತಿದ್ದಳು. ನಾನು ಕೇಕು ತಿನ್ನುತ್ತಿದ್ದೆ.

ಹೆಂಡತಿ ಕೂಸನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕಿಟಕಿ ನೋಡಿದಳು. "ರೀ, ಆ ಗಾಜಿನ ಪೆಟ್ಟಿಗೆಗೆ ಮೋಟಾರ್ ಇರುತ್ತೆ. ಹಗಲೂ ರಾತ್ರಿ ಗುಂಯ್ ಅಂತಿರುತ್ತೆ. ಇದು ಹುಟ್ಟಿದಾಗಿಂದ ಅದನ್ನೇ ಕೇಳ್ಕೊಂಡು ಮಲಗಿದ್ದು."

"ಅದಕ್ಕೆ?"

"ಅದಕ್ಕೆ ಇಷ್ಟು ದಿನ ಹಾರನ್ನಿಗೆ ಏಳ್ತಿತ್ತು, ಎಂಜಿನ್ನಿಗೆ ಮಲಗ್ತಿತ್ತು. ನೀವು ಹೋಗಿ ಎರಡನ್ನೂ ನಿಲ್ಲಿಸಿ ಬಂದ್ರಿ, ದೊಡ್ಡ ಶೂರರು."

"ಹಾರನ್ ನಿಲ್ಲಿಸೋಕೆ ಹೋಗಿದ್ದು ನಾನು. ಎಂಜಿನ್ ಅವನೇ..."

"ಈಗ ಹೋಗಿ ಹಾಕ್ಸಿ."

ಕಾಲರ್ ಹಿಡಿದು ಎತ್ತಿದವನ ಬಳಿ ಬೇಡಲು ಹೋಗುವುದು ಹೇಗೆ? ನಾನು ಚಪ್ಪಲಿ ಹುಡುಕುತ್ತ ಕಾಲಹರಣ ಮಾಡಿದೆ. ಹೆಂಡತಿಯೇ ಇಳಿದುಹೋದಳು. ಲಸಿಕೆ ಅಂದರೆ ಪ್ರಾಣ ಬಿಡುವವಳು, ಲಸಿಕೆ ಬೇಡ ಎಂದು ಊರೂರು ದಾಟಿ ಬಂದವನ ಲಾರಿಗೆ! ಇಡೀ ಬೀದಿ ಕಿಟಕಿಗೆ ಬಂತು. ನಾನು ಅವಳ ಬೆನ್ನಿಗೆ ನಿಂತೆ, ಅಂದರೆ ಬೆನ್ನ ಹಿಂದೆ.

ಪರ್ವತ ಅವಳನ್ನು ಕಂಡವನೇ ಎರಡು ಕಂಬಳಿಯೊಳಗಿಂದ ಅಂಗೈ ಹೊರಗೆ ಚಾಚಿ ತಡೆದ. "ಅಕ್ಕಾ, ನೀವು ನರ್ಸಮ್ಮ ಅಂತ ಗೊತ್ತು. ಏನ್ ಹೇಳಿದ್ರೂ ನಾನು ತೋಳು ಕೊಡಲ್ಲ."

"ನಿನ್ನ ತೋಳು ಯಾರಿಗೆ ಬೇಕು ತಮ್ಮಾ? ಎಂಜಿನ್ ಕೊಡು."

ಅವನು ಕೀಲಿ ತಿರುಗಿಸಿದ. ಲಾರಿ ಒಮ್ಮೆ ಮೈಕೊಡವಿ ಗುಡುಗುಡು ಎನ್ನತೊಡಗಿತು. ನಾವು ಮೇಲೆ ಹೋದಾಗ ಮಗಳು ಬೆರಳು ತುಟಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕೂಸು ಹಾಲು ಕುಡಿದು, ಬಾಯಿ ಅರ್ಧ ತೆರೆದು, ಕುಡಿದ ಮತ್ತಿನಲ್ಲಿರುವ ನ್ಯಾಯಾಧೀಶರ ಹಾಗೆ ಮಲಗಿತ್ತು. ಹೊಗೆ ಬಾರದಂತೆ ಹೆಂಡತಿ ಕಿಟಕಿಯ ಸಂದುಗಳಿಗೆಲ್ಲ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದಳು. ಮಗಳು ಗೋಡೆಗೆ ಒರಗಿದವಳು ಅಲ್ಲೇ ಕೂತು ನಿದ್ದೆಹೋದಳು.

ಅಷ್ಟರಲ್ಲಿ ಪೊಲೀಸರು ಹೊಸ ಆಜ್ಞೆ ತಂದರು: ಲಾರಿಗಳಿಗೆ ಯಾರೂ ಡೀಸೆಲ್ ಒಯ್ಯಕೂಡದು. ಬೇರೆ ಚಾಲಕರು ಎಂಜಿನ್ ಆರಿಸಿ ಚಳಿಯಲ್ಲಿ ಕೂತು, ತಮ್ಮಲ್ಲಿದ್ದುದನ್ನು ಕ್ಯಾನಿನಲ್ಲಿ ತುಂಬಿ ಪರ್ವತನ ಲಾರಿಗೆ ಕೊಟ್ಟರು. ಅದೂ ತಳ ಕಂಡಿತು. ಆಗ ಯಾರು ಬಂದರು ಹೇಳಿ? ಸಂಗೀತದ ಮೇಡಂ. ಬಗಲಲ್ಲಿ ಪಿಟೀಲಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಡೀಸೆಲ್ ಕ್ಯಾನು. ಮೂಲೆಯಲ್ಲಿ ಪೊಲೀಸಿನವನು ಮೂಗು ಅರಳಿಸಿದ.

"ಏನಮ್ಮಾ ಇದು ವಾಸನೆ?"

"ಹಳೇ ವಾದ್ಯ ಕಣಪ್ಪಾ. ಮೆರುಗೆಣ್ಣೆ ಹಚ್ಚಿದೀನಿ. ಒಂದು ರಾಗ ನುಡಿಸ್ಲಾ, ನಿಂತ್ಕೊಂಡು ಕೇಳ್ತೀಯಾ?"

"ಬೇಡಮ್ಮಾ, ಹೋಗಿ."

ಕ್ಯಾನು ಒಪ್ಪಿಸುವಾಗ ಆಕೆ ಪರ್ವತನಿಗೆ ಬೆರಳು ತೋರಿಸಿ ಹೇಳಿದರು: "ನೋಡು, ನೀನು ಮಾಡ್ತಿರೋದು ತಪ್ಪು ಅಂತ ಇವತ್ತೂ ಹೇಳ್ತೀನಿ, ನಾಳೇನೂ ಹೇಳ್ತೀನಿ. ಇದು ನಿನಗಲ್ಲ, ಕೂಸಿಗೆ."

"ಆಗಲಿ ಮೇಡಂ. ಬಾಣಲೆ ಮಾತ್ರ ಸ್ವಲ್ಪ ಮೆಲ್ಲಗೆ."

ಅವತ್ತಿನಿಂದ ನಮ್ಮ ಬೀದಿಯ ಜಗಳ ಪಿಸುದನಿಗೆ ಇಳಿಯಿತು. ಬಾಲ್ಕನಿಯ ಅಣ್ಣತಮ್ಮಂದಿರು ಹಗ್ಗದ ಆಚೀಚೆ ನಿಂತು ಒಬ್ಬರ ಕಿವಿಯಲ್ಲಿ ಒಬ್ಬರು ಬೈದುಕೊಳ್ಳುತ್ತಿದ್ದರು. ಹಾಗೆ ಬೈಯುವುದಕ್ಕೆ ಹತ್ತಿರ ಬರಬೇಕಾಗುತ್ತದೆ, ಹಗ್ಗ ಸಡಿಲವಾಯಿತು.

ತೂಕದ ದಿನಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ಬೀದಿ ತೆರವು ಮಾಡಿಸುವ ಆಜ್ಞೆ ಬಂತು. ಬೆಳಗಾದರೆ ಲಾರಿಗಳು ಹೋಗಬೇಕು. ಮಗಳ ಮುಖ ಸುಣ್ಣವಾಯಿತು. ಸಂಜೆಗೆ ಮೊದಲು ಪರ್ವತ ನನ್ನನ್ನು ಲಾರಿಯೊಳಗೆ ಕರೆದ.

"ಯಜಮಾನ್ರೇ, ಗಂಟಲು ಹೇಗಿದೆ?"

"ನನ್ನ ಗಂಟಲಾ? ನಾನು ಕೂಗಿದ್ರೆ ನದಿ ನಿಲ್ಲುತ್ತೆ."

"ಕೂಗೋದಲ್ಲ. ನನ್ನ ಮೂರು ಮಕ್ಕಳನ್ನ ನಾನು ಹಾಗೇ ಮಲಗಿಸಿದ್ದು, ಮನೇಲಿದ್ದಾಗ ನಾನೇ ಲಾರಿ ಆಗಿ, ಎಂಜಿನ್ ಥರ ಗುಂಯ್ ಅಂದು. ಬಾಯಿ ಮುಚ್ಚಿ, ಎದೆಯಿಂದ ಬರ್ಬೇಕು. ಮಾಡಿ."

ನಾನು ಎದೆಯುಬ್ಬಿಸಿ ಶುರುಮಾಡಿದೆ. ಅವನು ಎರಡೂ ಕೈ ಕಿವಿಗಿಟ್ಟುಕೊಂಡ. "ಅಯ್ಯೋ, ಏರಿನಲ್ಲಿ ನಾಲ್ಕನೇ ಗೇರು ಹಾಕಿದೀರಿ! ಎಂಜಿನ್ ಸೀದು ಹೋಗುತ್ತೆ. ಇಳಿಸಿ. ಇನ್ನೂ ಇಳಿಸಿ. ಗಾಡಿ ಎಲ್ಲಿಗೂ ಹೋಗ್ತಿಲ್ಲ ಯಜಮಾನ್ರೇ, ನಿಂತಿದೆ."

ಅದೇ ಕಷ್ಟ. ನಾನು ಹುಟ್ಟಿದಾಗಿನಿಂದ ನಿಂತವನಲ್ಲ. ಅವನು ನನ್ನ ಅಂಗೈಯನ್ನು ಹಿಡಿದು ಗೇರಿನ ಕೋಲಿನ ಮೇಲಿಟ್ಟ. ಕೋಲು ಮೆಲ್ಲಗೆ ನಡುಗುತ್ತಿತ್ತು. ಕೈಗೆ ತಾಗಿದ್ದನ್ನು ಎದೆಗೆ ತಂದುಕೊಳ್ಳಬೇಕು ಎಂದ. ಮೇಲಿನ ಕಿಟಕಿಯಿಂದ ಮೇಡಂ ಬಗ್ಗಿ, "ಶ್ರುತಿ ಇನ್ನರ್ಧ ಕೆಳಗೆ!" ಎಂದರು. ಬೀದಿ ದೀಪ ಹತ್ತುವ ಹೊತ್ತಿಗೆ ಲಾರಿಗೂ ನನಗೂ ವ್ಯತ್ಯಾಸವಿರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಪರ್ವತ ಹೇಳಿದ್ದು.

ಬೆಳಿಗ್ಗೆ ಹೊರಡುವಾಗ ಒಬ್ಬನೂ ಹಾರನ್ ಮಾಡಲಿಲ್ಲ. ಹೆಂಡತಿ ಪರ್ವತನಿಗೆ ಚಹಾದ ಫ್ಲಾಸ್ಕು ಕೊಟ್ಟು, "ಮನಸ್ಸು ಬದಲಾದ್ರೆ ನನ್ನ ಹತ್ರಾನೇ ಬಾ. ನೋವಾಗದ ಹಾಗೆ ಚುಚ್ತೀನಿ" ಎಂದಳು. "ಬದಲಾಗಲ್ಲ ಅಕ್ಕಾ. ಚಹಾ ಕುಡೀತೀನಿ" ಎಂದು ನಕ್ಕ.

ಲಾರಿ ತಿರುವು ದಾಟುವ ಮೊದಲೇ ಮೇಲೆ ಅಳು ಕೇಳಿಸಿತು. ನಾನು ಓಡಿಹೋಗಿ ಕೂಸನ್ನು ಎದೆಗೆ ಒತ್ತಿಕೊಂಡು ಶುರುಮಾಡಿದೆ. ಎರಡು ದಿನ ನಾನು ಮಾತಾಡಲಿಲ್ಲ. ಮದುವೆಯಾದಾಗಿನಿಂದ ಇಂಥ ಸುಖ ಕಂಡಿರಲಿಲ್ಲ ಎಂದು ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ತೂಕದ ದಿನ ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ ತಣ್ಣನೆಯ ತಟ್ಟೆಯ ಮೇಲೆ ಇಟ್ಟದ್ದೇ ಕೂಸು ಕೈಕಾಲು ಝಾಡಿಸಿತು. ಮುಳ್ಳು ಕುಣಿಯತೊಡಗಿತು. "ಹೀಗಾದ್ರೆ ಓದೋದು ಹೇಗೆ?" ಎಂದರು ಡಾಕ್ಟರಮ್ಮ. ಮಗಳು ನನ್ನ ಕಡೆ ನೋಡಿದಳು. ಅಷ್ಟು ಜನ ತಾಯಂದಿರು, ಅಜ್ಜಿಯರ ನಡುವೆ, ತಲೆ ನರೆತವನು, ತಟ್ಟೆಯ ಮೇಲೆ ಬಗ್ಗಿ ಲಾರಿಯಾದೆ. ಯಾರೋ ಕಿಸಕ್ಕೆಂದರು. ಆಮೇಲೆ ಕೋಣೆ ಸುಮ್ಮನಾಯಿತು. ಕೂಸು ಸುಮ್ಮನಾಯಿತು. ಮುಳ್ಳು ನಿಂತಿತು.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. "ಏರಿದೆ. ಚೆನ್ನಾಗೇ ಏರಿದೆ. ಮನೆಗೆ ಕರ್ಕೊಂಡ್ಹೋಗಿ."

ಎಷ್ಟು ಏರಿತ್ತು ಎಂದು ನಾನು ಹೇಳುವುದಿಲ್ಲ. ನಾನು ಹೇಳಿದರೆ ಆನೆಮರಿಯಾಗುತ್ತದೆ. ಮಗಳು ನನ್ನ ಬೆನ್ನಿಗೆ ಹಣೆ ಒರಗಿಸಿ ನಿಂತಿದ್ದಳು. ಅಂಗಿ ಒದ್ದೆಯಾಗುವುದು ಗೊತ್ತಾಗುತ್ತಿತ್ತು. ಎಲ್ಲೋ ಹೆದ್ದಾರಿಯಲ್ಲಿ ಇರುವ ಪರ್ವತನಿಗೆ ಒಂದು ಮಾತು ಹೇಳಬೇಕೆನಿಸಿತು. ಬಾಯಿ ಬಿಟ್ಟೆ.

"ಅಪ್ಪಾ, ನಿಲ್ಲಿಸ್ಬೇಡ" ಎಂದಳು ಮಗಳು. "ಬಟ್ಟೆ ಹಾಕೋ ತನಕ."