ನುಗ್ಗೆಮರಕ್ಕೆ ಬಾರದ ಜೇನು

ಕಲ್ಯಾಣ ನಗರದ ಮುನಿಆಂಜನಪ್ಪನವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಹಿತ್ತಲ ನುಗ್ಗೆಮರದಡಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಜೇನ್ನೊಣಗಳ ಸದ್ದು ಕೇಳಿಸಿದರೆ ಮರ ಹೂಬಿಟ್ಟಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಈ ಸಲ ಮನೆಯ ಸಜ್ಜೆಯ ಕೆಳಗೇ ಜೇನು ಕಟ್ಟಿತು. ಮಗ ಸುನಿಲ್‌ಗೆ ಹೆದರಿಕೆ. ಮನೆಯಲ್ಲಿ ಪುಟ್ಟ ಮಗುವಿದೆ. ಯಾರನ್ನೋ ಕರೆಸಿ ಔಷಧಿ ಹೊಡೆಸಿಬಿಟ್ಟ. ಬೆಳಿಗ್ಗೆ ಸೊಸೆ ದಿವ್ಯ ಸತ್ತ ನೊಣಗಳನ್ನು ಗುಡಿಸಿ ಮೊರಕ್ಕೆ ತುಂಬಿದಳು.

“ಯಾಕೋ ಮರ ಸುಮ್ಕೈತೆ? ಹೂವ ಬಿಟ್ಟಿಲ್ವಾ?” ಮುನಿಆಂಜನಪ್ಪ ಕೇಳಿದರು.

“ಬಿಟ್ಟಿದೆ ಅಪ್ಪ.” ಅಷ್ಟು ಹೇಳಿ ಸುನಿಲ್ ಒಳಕ್ಕೆ ಹೋದ.

ಹೂವೆಲ್ಲ ಉದುರಿತು. ಕಾಯಿ ಕಚ್ಚಿದ್ದು ಅಲ್ಲೊಂದು ಇಲ್ಲೊಂದು. ಪಕ್ಕದ ಮನೆಯ ಹಂಸ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಸುನಿಲ್ ಅವರನ್ನು ಕರೆದು ತೋರಿಸಿ, ಔಷಧಿ ಹೊಡೆಸಿದ್ದನ್ನೂ ಹೇಳಿದ.

“ಜೇನಿಲ್ದೆ ಕಾಯಿ ಹೆಂಗ್ ಕಚ್ಚುತ್ತೆ ಸುನಿಲ್?”

“ಬೇರೆ ಜೇನು ಬರಲ್ವಾ ಮೇಡಂ? ಟೆರೇಸ್ ತುಂಬಾ ಹೂವಿದೆಯಲ್ಲ! ಕಾಗದದ ಹೂವು, ಮುದ್ದೆ ದಾಸವಾಳ...”

“ಅವು ನಮ್ಮ ಕಣ್ಣಿಗೆ ಚಂದ. ಜೇನಿಗೆ ಅದ್ರಲ್ಲಿ ಊಟ ಕಮ್ಮಿ. ಅದಕ್ಕೆ ಇಷ್ಟ ತುಳಸಿ, ನುಗ್ಗೆ, ಹೊಂಗೆ, ಬೇವು, ನೇರಳೆ. ಕೊತ್ತಂಬರಿ ಹೂಬಿಟ್ರೂ ಹುಡುಕ್ಕೊಂಡು ಬರುತ್ತೆ. ಈ ಬೀದೀಲಿ ಒಂದಾದ್ರೂ ಹೊಂಗೆ ಉಳಿಸಿದೀವಾ?”

“ಮಗೂಗೆ ಕಚ್ಚಿದ್ರೆ ಏನ್ ಗತಿ ಅಂತ...”

“ಭಯ ಪಟ್ಟಿದ್ದು ತಪ್ಪಲ್ಲ. ಆದ್ರೆ ಗೂಡನ್ನ ಕೊಲ್ದೆ ಬೇರೆ ಕಡೆ ಸಾಗಿಸೋರು ಇದಾರೆ. ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ.”

ಕುರ್ಚಿಯಲ್ಲಿದ್ದ ಮುನಿಆಂಜನಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಮಗನನ್ನು ಬೈಯಲಿಲ್ಲ. “ನನ್ನ ಒಳಕ್ಕೆ ಕರ್ಕೊಂಡೋಗಪ್ಪ,” ಎಂದರಷ್ಟೇ. ಮತ್ತೆ ಮರದಡಿ ಕೂರಲಿಲ್ಲ.

ಸುನಿಲ್ ಟೆರೇಸಿನಲ್ಲಿ ತುಳಸಿ, ಕೊತ್ತಂಬರಿ ಬೆಳೆಸಿದ. ಗೇಟಿನ ಮುಂದೆ ಹೊಂಗೆ ಸಸಿ ನೆಟ್ಟ. ದಿವ್ಯ ತುಳಸಿಯ ಹೂ ಚಿವುಟುವುದನ್ನು ಬಿಟ್ಟಳು. ಮಳೆಗಾಲದಲ್ಲಿ ಮುನಿಆಂಜನಪ್ಪ ತೀರಿಕೊಂಡರು.

ತುಳಸಿಗೆ ಜೇನು ಬಂದದ್ದು ಅವರ ತಿಥಿ ಮುಗಿದ ಮೇಲೆ.

“ಸ್ವಲ್ಪ ಮುಂಚೆ ಬರಬಾರದಿತ್ತಾ,” ಎಂದ ಸುನಿಲ್. ದಿವ್ಯ ಅವನ ಬೆನ್ನ ಮೇಲೆ ಕೈಯಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಸಜ್ಜೆಯಲ್ಲೂ ಜೇನು ಕಟ್ಟಬಹುದು. ಔಷಧಿಯವರಿಗೆ ಫೋನ್ ಮಾಡಬೇಡಿ, ಗೂಡು ಸಾಗಿಸುವವರನ್ನು ಹುಡುಕಿ. ಒಂದು ಕುಂಡದಲ್ಲಾದರೂ ತುಳಸಿ ಹೂಬಿಡಲಿ. ಜಾಗವಿದ್ದವರು ಹೊಂಗೆಯನ್ನೋ ನೇರಳೆಯನ್ನೋ ನೆಡಿ. ಕೊಂದ ಮೇಲೆ ಅಳುವ ಬದಲು, ಕೊಲ್ಲುವ ಮೊದಲು ತಿಳಿದವರನ್ನು ಒಂದು ಮಾತು ಕೇಳಿ.