ಮ್ಯೂಟ್ ಒತ್ತುವ ಬೆರಳು

ವಿಡಿಯೋವನ್ನು ಮತ್ತೆ ಹಿಂದಕ್ಕೆಳೆದು, ಈ ಸಲ ಧ್ವನಿಯನ್ನು ಪೂರ್ತಿ ತೆಗೆದು, ಟೀಚರ್ ಬರೀ ಮುಖ ನೋಡಿದಳು. ಅಡುಗೆಮನೆಯ ಕಟ್ಟೆಯೇ ಅವಳ ತರಗತಿ. ಲ್ಯಾಪ್‌ಟಾಪಿನ ಕೆಳಗೆ ಎತ್ತರಕ್ಕೆ ಎರಡು ಡಬ್ಬಿ, ಬೆನ್ನ ಹಿಂದೆ ಪಾತ್ರೆಗಳು ಕಾಣದಂತೆ ಇಳಿಬಿಟ್ಟ ಬಿಳಿ ಬೆಡ್‌ಶೀಟು. ಶಾಲೆಯ ಕಟ್ಟಡ ದುರಸ್ತಿಗೆ ಬಿದ್ದು, ಆಫೀಸಿನ ಕೋಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿದ ಮೇಲೆ ಪಾಠ, ಪರೀಕ್ಷೆ, ಮೀಟಿಂಗು ಎಲ್ಲವೂ ಈ ಕಟ್ಟೆಯಿಂದಲೇ.

ಪರದೆಯ ಮೇಲಿದ್ದವಳು ಒಂಬತ್ತನೇ ತರಗತಿಯ ಹುಡುಗಿ. ನೂಲಿನೆಳೆಯಂಥ ಸಣ್ಣ ದನಿಯವಳೆಂದು ಕ್ಲಾಸಿನಲ್ಲಿ ಅವಳಿಗೆ ಪಿಟೀಲು ಅಂತಲೇ ಹೆಸರು. ಬೆಳಿಗ್ಗೆ ಅವಳ ಮೌಖಿಕ ಪರೀಕ್ಷೆ ನಡೆದಿತ್ತು. ಶುರುವಿನಿಂದ ಕೊನೆಯವರೆಗೂ ಮೈಕ್ ತೆರೆದೇ ಇರಬೇಕು ಎಂಬುದು ನಿಯಮ. ಮುಚ್ಚಿದರೆ ಪಕ್ಕದಲ್ಲಿ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆ ಎಂದೇ ಲೆಕ್ಕ. ಪಿಟೀಲು ಮತ್ತೆ ಮತ್ತೆ ಮುಚ್ಚಿದ್ದಳು.

ಪರೀಕ್ಷೆ ಮುಗಿದದ್ದೇ ತಡ, ತಮ್ಮ ಪರದೆಯಲ್ಲಿ ಅದನ್ನು ನೋಡುತ್ತಿದ್ದ ದೊಡ್ಡ ಮೇಡಂ ಫೋನು ಮಾಡಿದ್ದರು. ಶಾಲೆಯ ಮುಖ್ಯಸ್ಥೆ ಅವರೇ.

"ನೋಡಿದ್ರಲ್ಲ? ಮೈಕ್ ಆಫ್, ಪಕ್ಕದಿಂದ ಪಾಠ, ಮೈಕ್ ಆನ್. ನಮ್ಮ ಕಿವಿಗೇ ಹೂ ಇಡ್ತಾಳೆ!"

"ನೆಟ್ ಸರಿ ಇರ್ಲಿಲ್ವೇನೋ ಮೇಡಂ."

"ನೆಟ್ ಹೋದ್ರೆ ಮುಖಾನೂ ನಿಂತ್ಹೋಗುತ್ತೆ ಕಣ್ರೀ. ಇವಳು ಕಣ್ಣು ಪಿಳಿಪಿಳಿ ಬಿಡ್ತಾ ಇದ್ಲು. ನಕಲು ಅಂತ ಹಾಕ್ಬಿಡಿ, ನಾಳೆ ಮೀಟಿಂಗಲ್ಲಿ ಮುಗಿಸೋಣ. ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂತ್ರೆ ಬುದ್ಧಿ ಬರುತ್ತೆ."

"ನಕಲು ಅಲ್ಲ ಮೇಡಂ ಅದು."

"ನಿಮಗೆ ಹೇಗೆ ಗೊತ್ತು?"

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ದೊಡ್ಡ ಮೇಡಂ ದನಿ ಇಳಿಸಿದರು. "ಎಲ್ಲರ ಮನೇನೂ ನಿಮ್ಮನೆ ಥರ ಅಂದ್ಕೋಬೇಡಿ. ನಿಮ್ಮ ಕ್ಲಾಸಲ್ಲಿ ಗುಂಡುಸೂಜಿ ಬಿದ್ರೂ ಕೇಳ್ಸುತ್ತೆ, ಅಷ್ಟು ಶಾಂತಿ. ಅದಕ್ಕೇ ಅಲ್ವಾ ಎಲ್ರಿಗೂ ನಿಮ್ಮ ಕೈಲೇ ಟ್ರೇನಿಂಗ್ ಕೊಡ್ಸಿದ್ದು?"

ಆನ್‌ಲೈನ್ ಪಾಠದ ಟ್ರೇನಿಂಗ್ ಕೊಟ್ಟಿದ್ದಳು, ನಿಜ. ಪೂರ್ತಿ ಪರದೆಯನ್ನು ಹಂಚಬೇಡಿ, ಪಾಠದ ಕಿಟಕಿಯನ್ನಷ್ಟೇ ತೋರಿಸಿ. ಲಿಂಕನ್ನು ಕಂಡಕಂಡ ಗುಂಪಿಗೆ ಹಾಕಬೇಡಿ. ಬಾಗಿಲಲ್ಲಿ ಕಾಯುವವರು ಯಾರೆಂದು ಖಾತ್ರಿ ಮಾಡಿಕೊಂಡು ಒಳಗೆ ಬಿಡಿ. ಮನೆಯ ಸದ್ದು ಪಾಠದೊಳಗೆ ಬರದಂತೆ ನೋಡಿಕೊಳ್ಳುವುದನ್ನು ಮಾತ್ರ ಸ್ವಲ್ಪ ಹೆಚ್ಚೇ ಹೊತ್ತು ವಿವರಿಸಿದ್ದಳು. ಸದ್ದು ಬರುವ ಮೊದಲೇ ಅದು ಹೇಗೆ ಗೊತ್ತಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಪಕ್ಕದ ಹಾಲಿನಲ್ಲಿ ಕುರ್ಚಿ ಸರಿದರೆ ಗಂಡ ಎದ್ದನೆಂದು ಅರ್ಥ. ಅವನ ಕೂಗಿನ ಮೊದಲ ಅಕ್ಷರಕ್ಕೆ ಮುಂಚೆ ಬೆರಳು ಮೈಕ್ ಮುಚ್ಚುವ ಮ್ಯೂಟ್ ಗುಂಡಿಯ ಮೇಲಿರಬೇಕು. ಆಮೇಲೆ ನಗುತ್ತ, "ನೆಟ್ ಹೋಯ್ತು ನೋಡಿ, ಎಲ್ಲಿದ್ವಿ?" ಅನ್ನಬೇಕು. "ಟೀಚರ್, ಮೀನಿನ ಥರ ಬಾಯಿ ಆಡಿಸ್ತಿದ್ರಿ!" ಎಂದು ಮಕ್ಕಳು ಗೊಳ್ಳೆನ್ನುತ್ತಿದ್ದರು. ಆಗೆಲ್ಲ ಪಿಟೀಲು ಮಾತ್ರ ತಲೆ ತಗ್ಗಿಸಿ ಕೂತಿರುತ್ತಿದ್ದಳಲ್ಲ, ಏಕೆಂದು ಟೀಚರಿಗೆ ಈಗ ಹೊಳೆಯಿತು.

ಪರದೆಯ ಮೇಲೆ ಹುಡುಗಿಯ ಕಣ್ಣು ಎಡಕ್ಕೆ ಹೊರಳಿತು. ಕತ್ತು ಒಂಚೂರು ಒಳಗೆ ಸೇರಿತು. ಆಮೇಲೆ ಕೈ ಬಂದು ಮೈಕ್ ಮುಚ್ಚಿತು. ಹೇಳಿಕೊಡುವವರಿದ್ದರೆ ಮೈ ಅವರ ಕಡೆಗೆ ವಾಲುತ್ತದೆ. ಇವಳು ದೂರಕ್ಕೆ ಸರಿದಿದ್ದಳು. ಹೇಳಿಸಿಕೊಂಡವರು ಉತ್ತರ ಹಿಡಿದು ಬರುತ್ತಾರೆ. ಇವಳು ಮೈಕ್ ತೆರೆದಾಗಲೆಲ್ಲ ನಾಲಿಗೆಯ ತುದಿಯಲ್ಲಿದ್ದುದನ್ನೂ ಕಳೆದುಕೊಂಡು ಬಂದಿದ್ದಳು. ಆದರೂ ಪ್ರತಿ ಸಲವೂ ನಕ್ಕಿದ್ದಳು. ಆ ನಗೆ ಯಾರಿಂದ ಕಲಿತದ್ದೋ ಎಂದುಕೊಂಡಾಗ ಟೀಚರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮೊಬೈಲು ತೆಗೆದು, "ಪುಟ್ಟಾ, ಮನೆಯಲ್ಲಿ ಎಲ್ಲ ಸರಿ ಇದೆಯಾ?" ಎಂದು ಬರೆದಳು. ಕಳಿಸುವ ಮುಂಚೆ ನೆನಪಾಯಿತು, ಆ ನಂಬರು ಹುಡುಗಿಯ ಅಪ್ಪನದು. ಓದುವವನು ಮೊದಲು ಅವನೇ. ಒಂದೊಂದೇ ಅಕ್ಷರ ಅಳಿಸಿದಳು. ಆಮೇಲೆ ಲ್ಯಾಪ್‌ಟಾಪಿಗೆ ತಿರುಗಿ, ಟೀಚರುಗಳೆಲ್ಲ ತೆರೆದು ನೋಡಬಹುದಾದ ಜಾಗದಿಂದ ಆ ವಿಡಿಯೋವನ್ನು ತೆಗೆದು, ತನಗೂ ದೊಡ್ಡ ಮೇಡಂಗೂ ಮಾತ್ರ ಕಾಣುವಂತೆ ಬದಲಿಸಿದಳು.

ಹಾಲಿನಲ್ಲಿ ಕುರ್ಚಿ ಸರಿಯಿತು.

"ಲೇ, ಕಿವಿ ಕೇಳ್ಸಲ್ವಾ? ನನ್ನ ಚಾರ್ಜರ್ ಎಲ್ಲಿ ಸಾಯ್ಸಿದೀಯ? ಊರ ಮಕ್ಕಳಿಗೆಲ್ಲ ಬುದ್ಧಿ ಹೇಳೋ ಮಹಾಪಂಡಿತೆ, ಮನೇಲಿ ಇಟ್ಟ ವಸ್ತು ಇಟ್ಟ ಕಡೆ ಇರಲ್ಲ!"

ಕ್ಲಾಸು ಇರಲಿಲ್ಲ. ಆಚೆ ಕಡೆ ಕೇಳುವವರು ಯಾರೂ ಇರಲಿಲ್ಲ. ಆದರೂ ಅವಳ ಬೆರಳು ಆಗಲೇ ಆ ಗುಂಡಿಯನ್ನು ಒತ್ತಿ ಹಿಡಿದಿತ್ತು. ಆ ಬೆರಳು ತನ್ನದಲ್ಲವೇನೋ ಎಂಬಂತೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಎದ್ದು, ಸೋಫಾದ ಸಂದಿಯಲ್ಲಿದ್ದ ಚಾರ್ಜರ್ ಎಳೆದು ಅವನ ಕೈಗೆ ಕೊಟ್ಟು ಬಂದಳು.

ಅಂಕಪಟ್ಟಿಯಲ್ಲಿ ಪಿಟೀಲಿನ ಹೆಸರಿನ ಮುಂದಿನ ಜಾಗ ಖಾಲಿಯಿತ್ತು. ನೆಟ್ ಸಮಸ್ಯೆ ಎಂದರೆ ಯಾರೂ ನಂಬುವುದಿಲ್ಲ. ಹುಡುಗಿಯ ಮನೆಯಲ್ಲಿ ಯಾರೋ ಕೂಗಾಡುತ್ತಾರೆಂಬ ಅನುಮಾನ ಎಂದರೆ ದೊಡ್ಡ ಮೇಡಂ 'ನಿಮಗೆ ಹೇಗೆ ಗೊತ್ತು' ಎಂದು ಅದೇ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಅದಿರುವುದು ತನ್ನ ಹತ್ತಿರ. ಅದನ್ನು ಹೇಳಿದರೆ ಹುಡುಗಿಯನ್ನು ಆಫೀಸಿನ ಕೋಣೆಗೆ ಕರೆಸಿ, ಎದುರು ಕೂರಿಸಿಕೊಂಡು, ಮತ್ತೆ ಪರೀಕ್ಷೆ ಮಾಡಿ ಎಂದು ಕೇಳಬಹುದು. ಹೇಳಿದರೆ, ತನ್ನ ಮನೆಯ ಶಾಂತಿಯನ್ನು ಹೊಗಳಿದವರೆಲ್ಲ ಪರದೆಯ ಸಣ್ಣ ಸಣ್ಣ ಚೌಕಗಳಿಂದ ತನ್ನನ್ನೇ ನೋಡುತ್ತಾರೆ. ಗಂಡ ಹಾಲಿನಲ್ಲೇ ಇರುತ್ತಾನೆ, ಅವನಿಗೂ ಒಂದೊಂದು ಮಾತೂ ಕೇಳಿಸುತ್ತದೆ.

ಕೇಳಿಸಲಿ.

"ಇನ್ನೂ ಅದೇನು ಮಾಡ್ತಿದೀಯ ಅಲ್ಲಿ?" ಗಂಡ ಬಾಗಿಲಿಗೆ ಬಂದು ನಿಂತಿದ್ದ.

"ಏನಿಲ್ಲ, ನಾಳೆ ಮೀಟಿಂಗಿದೆ."

ಅವನು ಹೋದ ಮೇಲೆ, ನಾಳೆ ಹೇಳಬೇಕಾದ ಮೊದಲ ವಾಕ್ಯವನ್ನು ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಅದು 'ನಾನೂ' ಎಂದು ಶುರುವಾಗುತ್ತಿತ್ತು.