ಸಾಹುಕಾರರ ವಾಡೆಯ ಬನ್ನಿ

ಮಾಜಿ ಮಂತ್ರಿ ಶಾಂತಲಿಂಗಪ್ಪ ಸಾಹುಕಾರರ ಮನೆತನ ನಡೆಸುತ್ತಿದ್ದ ಬ್ಯಾಂಕಿಗೆ ಬೀಗ ಬಿತ್ತು. ಜನರ ಠೇವಣಿ ಶಸ್ತ್ರಾಸ್ತ್ರದ ದಲ್ಲಾಳಿಯೊಬ್ಬನ ಪಾಲಾಗಿದೆಯಂತೆ ಎಂದು ಟಿವಿಯವರು ಒದರುತ್ತಿದ್ದರು. ಕೊರಳಿನ ಬಂಗಾರದ ಬೋರಮಾಳ ಮಾರಿ ಬಂದ ದುಡ್ಡನ್ನೆಲ್ಲ ಅಲ್ಲಿಟ್ಟಿದ್ದ ಗುರುಬಾಯಿ, ಅದನ್ನು ಕೇಳುತ್ತಲೇ ರೊಟ್ಟಿ ಬಡಿದು ಮುಗಿಸಿದಳು.

ದಸರೆಯ ಸಂಜೆ ಅವಳ ಕಾಲುಗಳು ರೂಢಿಯಂತೆ ಆಳಂದದ ಸಾಹುಕಾರರ ವಾಡೆಗೆ ನಡೆದವು. ಪಡಸಾಲೆಯಲ್ಲಿ ಖಂಡೆ ಪೂಜೆಯ ಕುಂಕುಮ ಮೆತ್ತಿದ ಬಂದೂಕು ಗೋಡೆಗೊರಗಿತ್ತು. ಬನ್ನಿ ಕೊಡಲು ನಿಂತವರೆಲ್ಲ ಅವಳಂತೆಯೇ ಠೇವಣಿ ಕಳೆದುಕೊಂಡವರು.

ಗುರುಬಾಯಿ ಸೆರಗು ಹೊದ್ದು, ಬಗ್ಗಿ, ಬನ್ನಿ ಎಲೆಯನ್ನು ಸಾಹುಕಾರರ ಕೈಗಿಟ್ಟಳು.

“ಬಂಗಾರ ತಗೋರಿ, ಸಾವಕಾರ್ರ.”

“ಬಂಗಾರದಂಗ ಇರವ್ವ.”

ಕೊಟ್ಟವರಿಗೆ ತಿರುಗಿ ಬನ್ನಿ ಕೊಡುವುದು ಪದ್ಧತಿ. ಸಾಹುಕಾರರು ಅವಳದನ್ನು ಕಿಸೆಗಿಳಿಸಿ ಮುಂದಿನವರತ್ತ ಕೈ ಚಾಚಿದರು. ಗುರುಬಾಯಿ ಅಂಗೈ ಒಡ್ಡಿಕೊಂಡೇ ಪಕ್ಕಕ್ಕೆ ಸರಿದಳು.